ಧ್ವನಿಕೋಣೆಯ ಎಡಬಲ

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅವಳನ್ನು ಎಲ್ಲರೂ ಮುದ್ರೆಯಮ್ಮ ಎಂದೇ ಕರೆಯುತ್ತಿದ್ದರು. ಕೌಂಟರಿನಲ್ಲಿ ಕೂತು, ಪುಸ್ತಕ ಹಿಂದಿರುಗಿಸಬೇಕಾದ ತಾರೀಖಿನ ಮುದ್ರೆ ಒತ್ತುತ್ತಲೇ ಅವಳ ಅರ್ಧ ನೌಕರಿ ಕಳೆದಿತ್ತು. ಒತ್ತುವುದೆಂದರೆ ಸುಮ್ಮನೆ ಒತ್ತುವುದಲ್ಲ. ಆ ಸದ್ದಿಗೆ ಕೊನೆಯ ಮೇಜಿನಲ್ಲಿ ತೂಕಡಿಸುತ್ತಿದ್ದವನೂ ಬೆಚ್ಚಿಬಿದ್ದು ಪುಟ ತಿರುಗಿಸುತ್ತಿದ್ದ. ಮುದ್ರೆ ಹೋಗಿ ಕಂಪ್ಯೂಟರ್ ಬಂದ ಮೇಲೂ ಹೆಸರು ಮಾತ್ರ ಹೋಗಲಿಲ್ಲ. ಅಡ್ಡಹೆಸರಿಗೆ ನಿವೃತ್ತಿಯ ವಯಸ್ಸು ಅಂತ ಇಲ್ಲವಲ್ಲ.

ಆದರೆ ಅವಳ ಜೀವ ಇದ್ದದ್ದು ನಾಟಕದಲ್ಲಿ. ನೌಕರರೆಲ್ಲ ಸೇರಿ ವರ್ಷಕ್ಕೊಂದು ನಾಟಕ ಆಡುತ್ತಿದ್ದರು. ಪರೀಕ್ಷಾ ವಿಭಾಗದ ಗುಮಾಸ್ತ ಅದರ ನಿರ್ದೇಶಕ. ಮುದ್ರೆಯಮ್ಮನ ಪಾಲಿಗೆ ಪ್ರತಿ ವರ್ಷವೂ ಒಂದೇ ಪಾತ್ರ: ಪಕ್ಕದ ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂತು, ಮರೆತವರಿಗೆ ಮಾತು ಎತ್ತಿಕೊಡುವುದು. ಅವಳದ್ದು ತುಂಬು ದನಿ. ರಾಜನ ಗರ್ಜನೆಯೂ ಬರುತ್ತಿತ್ತು, ಮಗನನ್ನು ಕಳೆದುಕೊಂಡ ತಾಯಿಯ ಗೋಳೂ ಬರುತ್ತಿತ್ತು. "ನಂಗೂ ಒಂದು ಪಾತ್ರ ಕೊಡಿ" ಎಂದು ಕೇಳಿದಾಗಲೆಲ್ಲ ಗುಮಾಸ್ತ ಕೈಮುಗಿದುಬಿಡುತ್ತಿದ್ದ. "ನೀವು ಮೇಲೆ ಹತ್ತಿದ್ರೆ ಕೆಳಗೆ ಬಿದ್ದವ್ರನ್ನ ಎತ್ತೋರು ಯಾರು ಮೇಡಂ?" ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ. ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಕಷ್ಟವಾಗಿತ್ತು.

ಹೀಗಿರುವಾಗ ಗ್ರಂಥಾಲಯದಲ್ಲಿ ಧ್ವನಿಕೋಣೆ ತೆರೆಯುತ್ತಾರೆಂಬ ಸುದ್ದಿ ಬಂತು. ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಾಠದ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸುವ ಕೆಲಸ. ಗ್ರಂಥಪಾಲರು "ಯಾರಿಗೆ ಆಸಕ್ತಿ?" ಎಂದು ಬಾಯಿ ತೆರೆಯುವಷ್ಟರಲ್ಲಿ ಮುದ್ರೆಯಮ್ಮನ ಕೈ ಮೇಲಿತ್ತು. ಕಾಲು ಮುರಿದ ಕುರ್ಚಿಗಳನ್ನು ತುಂಬಿದ್ದ ನೆಲಮಾಳಿಗೆಯ ಕೋಣೆಯನ್ನು ಅವಳೇ ನಿಂತು ಖಾಲಿ ಮಾಡಿಸಿದಳು. ಅವಳ ಗಂಡ ದರ್ಜಿ. ಅಂಗಡಿಯಲ್ಲಿ ಉಳಿದ ಚೂರುಬಟ್ಟೆಗಳನ್ನೆಲ್ಲ ಸೇರಿಸಿ, ನಡುವೆ ಹತ್ತಿ ತುಂಬಿ, ನಾಲ್ಕೂ ಗೋಡೆಗೆ ದಪ್ಪನೆಯ ಪರದೆ ಹೊಲಿದುಕೊಟ್ಟ. ಬಾಗಿಲು ಹಾಕಿಕೊಂಡರೆ ಹೊರಗಿನ ಸದ್ದು ಒಳಗಿಲ್ಲ, ಒಳಗಿನ ಸದ್ದು ಹೊರಗಿಲ್ಲ. ಮೊದಲ ದಿನ ಆ ಮೈಕಿನ ಮುಂದೆ ಕೂತಾಗ ಅವಳಿಗೆ ಕಣ್ಣು ತುಂಬಿ ಬಂತು. ಅದು ಅವಳ ವೇದಿಕೆ, ಅಲ್ಲಿ ಎಲ್ಲ ಪಾತ್ರವೂ ಅವಳದೇ.

ಸಿಕ್ಕಿದ ಪುಸ್ತಕವನ್ನೆಲ್ಲ ಅವಳು ಆಡಿ ತೋರಿಸಿದಳು. ಇತಿಹಾಸದ ಪುಸ್ತಕದಲ್ಲಿ ಸಾಮ್ರಾಜ್ಯಗಳು ಅವಳ ಗಂಟಲಲ್ಲೇ ಕುಸಿದವು. ತೆರಿಗೆಯ ಬಗ್ಗೆ ಓದುವಾಗ ಪ್ರಜೆಗಳ ಪರವಾಗಿ ನಿಟ್ಟುಸಿರು ಬಿಟ್ಟಳು. ಫಿಜಿಯೋಥೆರಪಿ ಓದುತ್ತಿದ್ದ ಹುಡುಗಿಯೊಬ್ಬಳಿಗಾಗಿ ಮೂಳೆಗಳ ಪುಸ್ತಕ ಓದಬೇಕಾಗಿ ಬಂದಾಗ, ವಯಸ್ಸಾದವರಲ್ಲಿ ಮಂಡಿಚಿಪ್ಪು ಸವೆಯುವ ಅಧ್ಯಾಯದಲ್ಲಿ ಬಿಕ್ಕಿದ್ದೂ ಉಂಟು. ಮನೆಯಲ್ಲಿ ಅವಳ ಅತ್ತೆಗೆ ಮಂಡಿನೋವಿತ್ತು. ಅದು ನೆನಪಾಗಿತ್ತು ಅಷ್ಟೇ.

ಆ ಹುಡುಗಿ ಒಂದು ಬೆಳಿಗ್ಗೆ ಬಿಳಿ ಕೋಲು ತಟ್ಟುತ್ತ ನೆಲಮಾಳಿಗೆಯ ಮೆಟ್ಟಿಲಿಳಿದು ಬಂದಳು. ಸಣ್ಣ ಮೈಯವಳು, ಗಟ್ಟಿ ಕೈಯವಳು. ಹುಟ್ಟಿನಿಂದಲೇ ಕಣ್ಣಿಲ್ಲ. ಮಾತಿನಲ್ಲಿ ಮುಲಾಜೂ ಇಲ್ಲ.

"ಮೇಡಂ, ಬೇಜಾರು ಮಾಡ್ಕೋಬೇಡಿ. ಮಂಡಿಚಿಪ್ಪಿಗೆ ಯಾಕೆ ಅಳ್ತೀರಿ?"

"ಅದು ಭಾವ ಕಣಮ್ಮ."

"ಭಾವ ನಾನು ಹಾಕ್ಕೋತೀನಿ. ನೀವು ಮಾತು ಕೊಡಿ ಸಾಕು. ನಾನು ಕೇಳೋದೇ ಎರಡು ಪಟ್ಟು ವೇಗದಲ್ಲಿ. ಆ ವೇಗಕ್ಕೆ ನೀವು ಅತ್ರೆ ಕೋಳಿ ಕೂಗಿದ ಹಾಗೆ ಕೇಳುತ್ತೆ."

ಮುದ್ರೆಯಮ್ಮನ ಮುಖ ಕೆಂಪಾಯಿತು. ಹುಡುಗಿಗೆ ಅದು ಕಾಣಲಿಲ್ಲ, ಕಂಡಿದ್ದರೂ ನಿಲ್ಲಿಸುತ್ತಿದ್ದಳೆಂದು ಹೇಳಲಾಗದು.

ಅದೇ ವಾರ ಗ್ರಂಥಪಾಲರು ಅವಳನ್ನು ಕರೆಸಿದರು. ಅವರು ಕೆಟ್ಟವರಲ್ಲ, ಆದರೆ ಹೊಸ ಯಂತ್ರ ಅಂದರೆ ಮೊಮ್ಮಗ ಹುಟ್ಟಿದಷ್ಟು ಸಂತೋಷ ಅವರಿಗೆ. ಪುಸ್ತಕವನ್ನು ಗಾಜಿನ ಮೇಲೆ ಮಗುಚಿ ಇಟ್ಟರೆ ತಾನೇ ಓದಿ ಹೇಳುವ ಯಂತ್ರವೊಂದು ಅವರ ಮೇಜಿನ ಮೇಲೆ ಕೂತಿತ್ತು. ಗುಂಡಿ ಒತ್ತಿದರು. ಅದು ಉಸಿರು ತೆಗೆದುಕೊಳ್ಳದೆ ಇಡೀ ಪುಟ ಓದಿ ಮುಗಿಸಿತು.

"ಇನ್ನು ನಿಮ್ಗೆ ಗಂಟಲು ನೋವಿಲ್ಲ. ಮುಂದಿನ ಅವಧಿಯಿಂದ ಕೌಂಟರಿಗೆ ಬಂದುಬಿಡಿ. ಕೋಣೆಯಲ್ಲಿ ಇದನ್ನ ಕೂರಿಸೋಣ," ಅಂದರು.

"ಇದಕ್ಕೆ ಅರ್ಥ ಆಗುತ್ತಾ ಸಾರ್, ಓದಿದ್ದು?"

"ನಮ್ಮಲ್ಲಿ ಓದೋರಿಗೆಲ್ಲ ಅರ್ಥ ಆಗುತ್ತಾ?" ಎಂದು ಅವರು ನಕ್ಕರು.

ಹೊರಗೆ ಬಂದರೆ ಫಿಜಿಯೋ ಹುಡುಗಿ ಬೆಂಚಿನ ಮೇಲೆ ಕೂತು ಕಿವಿಗೆ ತಂತಿ ಸಿಕ್ಕಿಸಿಕೊಂಡಿದ್ದಳು. ಯಂತ್ರ ಓದಿಟ್ಟದ್ದನ್ನು ಕೇಳುತ್ತಿದ್ದಳು, ಅದರ ಮೊದಲ ಗಿರಾಕಿ ಅವಳೇ. ಮುದ್ರೆಯಮ್ಮ ಸಂಕಟ ತಡೆಯಲಾರದೆ ಕೇಳಿಯೇಬಿಟ್ಟಳು. "ಏನಮ್ಮ, ಚೆನ್ನಾಗಿ ಓದುತ್ತಾ ನಿಮ್ಮ ಯಂತ್ರ?"

"ಚೆನ್ನಾಗಿ ಓದುತ್ತೆ. ಆದ್ರೆ ಒಂದು ಪುಸ್ತಕದಲ್ಲಿ ಮಾತ್ರ ಅದಕ್ಕೆ ಪಾರ್ಶ್ವವಾಯು ಹೊಡೆಯುತ್ತೆ." ಹುಡುಗಿ ಚೀಲದಿಂದ ದಪ್ಪನೆಯ ಪುಸ್ತಕವೊಂದನ್ನು ತೆಗೆದಳು. ಮೈಯ ಒಳಗಿನ ಚಿತ್ರಗಳ ಪುಸ್ತಕ. ಪುಟದ ತುಂಬ ಚಿತ್ರ, ಚಿತ್ರದ ಮೈತುಂಬ ಅಂಕಿ, ಕೆಳಗೆ ಅಂಕಿಗೊಂದು ಹೆಸರು, ಅಷ್ಟೇ. "ಇದನ್ನ ಇಟ್ರೆ 'ಚಿತ್ರ ಒಂದು, ಚಿತ್ರ ಎರಡು' ಅಂತ ಎಣಿಸಿಕೊಂಡು ಹೋಗುತ್ತೆ. ನಮ್ಮ ಮೇಷ್ಟ್ರು ಪರೀಕ್ಷೇಲಿ ಕೇಳೋದೆಲ್ಲ ಇದ್ರಿಂದಾನೇ. ಜೊತೆಯವ್ರು ವಿವರಿಸ್ತಾರೆ, 'ಇಲ್ಲೊಂದು ಉದ್ದಕ್ಕಿದೆ, ಅಲ್ಲೊಂದು ದುಂಡಕ್ಕಿದೆ' ಅಂತ. ಅವ್ರ ಇಲ್ಲಿ ಅಲ್ಲಿ ನಂಗೆಲ್ಲಿ ಗೊತ್ತಾಗ್ಬೇಕು?"

ಮುದ್ರೆಯಮ್ಮ ಪುಸ್ತಕವನ್ನು ಕೈಗೆ ತೆಗೆದುಕೊಂಡಳು. ಕೌಂಟರು ಅವಳ ಕಣ್ಣ ಮುಂದೆ ಬಂತು, ಅಲ್ಲಿಯ ಸುತ್ತುವ ಕುರ್ಚಿ, ಫ್ಯಾನಿನ ಕಿರ್ ಸದ್ದು. ಅಲ್ಲಿಗೆ ಇನ್ನು ಹೋಗಲಾರೆ ಅನ್ನಿಸಿತು. "ಈ ಚಿತ್ರ ನಾನು ಓದ್ತೀನಿ," ಅಂದಳು. ತಿರುಗಿ ಗ್ರಂಥಪಾಲರ ಕೋಣೆಗೇ ಹೋಗಿ ಅದನ್ನೇ ಹೇಳಿದಳು. ಅವರು ಕನ್ನಡಕದ ಮೇಲಿನಿಂದ ನೋಡಿ, "ಸರಿ, ಅವಧಿ ಮುಗಿಯೋ ತನಕ ಪ್ರಯತ್ನ ಮಾಡಿ. ಆ ಹುಡುಗಿ ಪರೀಕ್ಷೇಲಿ ಪ್ರಯೋಜನ ಆಯ್ತು ಅಂದ್ರೆ ಕೋಣೆ ನಿಮ್ದು. ಇಲ್ಲಾಂದ್ರೆ ಕೌಂಟರ್," ಅಂದರು.

ಹಟ ಹಿಡಿಯುವುದು ಸುಲಭ, ಚಿತ್ರ ಓದುವುದು ಕಷ್ಟ. ಮೊದಲ ಚಿತ್ರ ಹೆಗಲಿನದು. ಮುದ್ರೆಯಮ್ಮ ಮೈಕಿನ ಮುಂದೆ ತನ್ನ ಸಾಹಿತ್ಯವನ್ನೆಲ್ಲ ಸುರಿದಳು. ಇಲ್ಲೊಂದು ಮೂಳೆ ಹಕ್ಕಿಯ ರೆಕ್ಕೆಯ ಹಾಗೆ ಚಾಚಿದೆ, ರಕ್ತನಾಳಗಳು ತಲೆಕೆಳಗಾದ ಮರದ ಹಾಗೆ ಕವಲೊಡೆದಿವೆ, ಸ್ನಾಯುಗಳು ಸಂಜೆಯ ಮೋಡದ ಬಣ್ಣಕ್ಕಿವೆ. ಹುಡುಗಿ ಕೇಳಿಸಿಕೊಂಡು ಮರುದಿನ ಬಂದಳು.

"ಮೇಡಂ, ಹಕ್ಕಿ ರೆಕ್ಕೆ ಚಾಚಿದ್ದು ನಾನು ನೋಡಿಲ್ಲ. ಮರ ನೋಡಿಲ್ಲ, ತಬ್ಬಿಕೊಂಡಿದ್ದೀನಿ ಅಷ್ಟೇ. ಮೋಡ ಅಂತೂ ಕೇಳ್ಲೇಬೇಡಿ."

"ಹಾಗಾದ್ರೆ ಹ್ಯಾಗೆ ಹೇಳ್ಲಮ್ಮ?"

"ಅದು ಗೊತ್ತಿದ್ರೆ ನಾನೇ ಹೇಳ್ಕೋತಿರ್ಲಿಲ್ವಾ?"

ಆ ಸಂಜೆ ನಾಟಕದ ತಾಲೀಮು. ಮುದ್ರೆಯಮ್ಮ ಸ್ಟೂಲಿನ ಮೇಲೆ ಕೂತಿದ್ದಳು, ಮನಸ್ಸು ಮಾತ್ರ ಹೆಗಲ ಮೂಳೆಯಲ್ಲಿತ್ತು. ವೇದಿಕೆಯ ಮೇಲೆ ತೋಟದ ವಿಭಾಗದವನೊಬ್ಬ ಸೇನಾಪತಿಯಾಗಿ ಕತ್ತಿ ಹಿರಿಯಬೇಕಿತ್ತು. ಗುಮಾಸ್ತ ಕೆಳಗಿನಿಂದ ಕೂಗಿ ಕೂಗಿ ಹೇಳಿದ: ಸಿಂಹದ ಹಾಗೆ ನಿಲ್ಲು, ಬಿರುಗಾಳಿಯ ಹಾಗೆ ತಿರುಗು. ಪಾಪ, ಆತ ಹುಲ್ಲು ಕತ್ತರಿಸುವವನ ಹಾಗೆಯೇ ಬಾಗುತ್ತಿದ್ದ. ಕೊನೆಗೆ ಗುಮಾಸ್ತ ಮೇಲೆ ಹತ್ತಿ ಆತನ ಹಿಂದೆ ನಿಂತ. "ಬಲಗೈ ಎಡ ಸೊಂಟಕ್ಕೆ. ಹೆಬ್ಬೆರಳು ಮೇಲಕ್ಕೆ. ಈಗ ಮೊಣಕೈ ಕಿವಿಯ ಮಟ್ಟಕ್ಕೆ ಎತ್ತು." ಸೇನಾಪತಿ ಎತ್ತಿದ. ಕತ್ತಿ ಹೊರಗೆ ಬಂತು.

ಮುದ್ರೆಯಮ್ಮ ಸ್ಟೂಲಿನಿಂದ ಎದ್ದುಬಿಟ್ಟಳು. ಮುಂದಿನ ಮಾತು ಮರೆತ ರಾಣಿ ಪರದೆಯ ಕಡೆ ದೀನಳಾಗಿ ನೋಡುತ್ತಲೇ ಇದ್ದಳು, ಮಾತು ಎತ್ತಿಕೊಡುವವರು ಯಾರೂ ಇರಲಿಲ್ಲ.

ಮನೆಗೆ ಹೋದವಳೇ ಗಂಡನನ್ನು ಹೊಲಿಗೆ ಯಂತ್ರದ ಮುಂದಿನಿಂದ ಎಬ್ಬಿಸಿ, ಅವನ ಕಣ್ಣಿಗೆ ಬಟ್ಟೆ ಕಟ್ಟಿ, ಸ್ಟೂಲಿನ ಮೇಲೆ ತನಗೆ ಬೆನ್ನು ಮಾಡಿ ಕೂರಿಸಿದಳು.

"ಏನೇ ಇದು, ಈ ವಯಸ್ಸಲ್ಲಿ ಕಣ್ಣಾಮುಚ್ಚಾಲೆ?" ಅತ್ತೆ ಮಂಚದ ಮೇಲಿಂದ ಕೇಳಿದರು. ಅವರಿಗೆ ಕಿವಿ ಮಂದ, ಕಣ್ಣು ಚುರುಕು.

"ಪಾಠ ಅತ್ತೆ, ಪಾಠ!"

"ಅವನಿಗೆ ಈಗ ಪಾಠ ಕಲಿಸ್ತಿದ್ದೀಯಾ? ಮದುವೆಯಾದ ವರ್ಷವೇ ಕಲಿಸಬೇಕಿತ್ತು."

ಮುದ್ರೆಯಮ್ಮ ಪುಸ್ತಕ ತೆರೆದಳು. "ರೀ, ಎಡಗೈ ತಗೊಂಡು ಬಲ ಹೆಗಲ ಮೇಲಿಂದ ಬೆನ್ನಿಗೆ ಇಳಿಬಿಡಿ. ಬೆರಳ ತುದಿಗೆ ಅಡ್ಡಕ್ಕೆ ಒಂದು ಏಣು ಸಿಗುತ್ತೆ. ಸಿಕ್ತಾ?"

"ಇನ್ನೂ ಇಲ್ಲ... ಹ್ಞಾ, ಸಿಕ್ತು!" ದರ್ಜಿ ಬೆರಗಾದ. "ಇಷ್ಟು ಜನರ ಬೆನ್ನು ಅಳೆದಿದ್ದೀನಿ, ನನ್ನ ಬೆನ್ನಲ್ಲೇ ಇದು ಇದ್ದಿದ್ದು ಗೊತ್ತಿರ್ಲಿಲ್ಲ ನೋಡೇ."

ಹೀಗೆ ಶುರುವಾಯಿತು. ದಿನವೂ ಸಂಜೆ ಗಂಡನ ಬೆನ್ನು, ಮೊಣಕೈ, ಹಿಮ್ಮಡಿ. ಅವನಿಗೆ ಸಿಕ್ಕಿದ್ದು ಮಾತ್ರ ಮರುದಿನ ಧ್ವನಿಕೋಣೆಗೆ ಹೋಗುತ್ತಿತ್ತು. ಮೋಡ, ಹಕ್ಕಿ, ನಿಟ್ಟುಸಿರು ಎಲ್ಲ ಹೊರಗೆ. ಹೇಳುತ್ತ ಹೇಳುತ್ತ ಅವಳ ದನಿಯೂ ಬರಿಗಾಲಲ್ಲಿ ನಡೆಯತೊಡಗಿತು. ಹುಡುಗಿ ಮೊಣಕೈಯ ಚಿತ್ರ ಕೇಳಿದ ದಿನ ಕೋಲು ತೆಗೆದುಕೊಂಡು ಎದ್ದಳು. ಹೋಗುವಾಗ ಬಾಗಿಲಲ್ಲಿ ನಿಂತು, "ಇವತ್ತು ವೇಗ ಕಡಿಮೆ ಮಾಡ್ಕೊಂಡು ಕೇಳ್ದೆ ಮೇಡಂ," ಅಂದಳು. ಅವಳ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು. ಮುದ್ರೆಯಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಕಾಲು ನಿಲ್ಲದವರು ಬೀಳುತ್ತಾರೆ. ಕೈಕಾಲಿನ ಚಿತ್ರಗಳು ಮುಗಿದು ಎದೆ, ಹೊಟ್ಟೆಯ ಒಳಗಿನ ಭಾಗ ಬಂತು. ಶಾಲೆಗಳ ಸಮವಸ್ತ್ರ ಹೊಲಿಯುವ ಕಾಲ, ದರ್ಜಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. 'ಅವರ ಬೆನ್ನಿಲ್ಲದಿದ್ದರೆ ನನಗೆ ಬರುವುದಿಲ್ಲವೇ?' ಎಂದುಕೊಂಡ ಮುದ್ರೆಯಮ್ಮ ಪುಸ್ತಕವನ್ನು ಮುಂದಿಟ್ಟುಕೊಂಡು, ಕಂಡದ್ದನ್ನು ಕಂಡ ಹಾಗೆ, ನೇರವಾಗಿ ಮೈಕಿಗೆ ಹೇಳಿದಳು. ಶ್ವಾಸಕೋಶಗಳು ಎರಡು. ಎಡಗಡೆಯದಕ್ಕೆ ಮೂರು ಹಾಲೆ, ಅಂದರೆ ಮೂರು ಭಾಗ, ಮೇಲೊಂದು, ನಡುವೆ ಒಂದು, ಕೆಳಗೊಂದು. ಬಲಗಡೆಯದಕ್ಕೆ ಎರಡೇ. ಸ್ಪಷ್ಟವಾಗಿ, ತಡವರಿಸದೆ, ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ತನ್ನ ಬೆನ್ನನ್ನು ತಾನೇ ತಟ್ಟಿಕೊಂಡು ಮನೆಗೆ ಹೋದಳು.

ಹುಡುಗಿಯ ತರಗತಿಯಲ್ಲಿ ಕಿರುಪರೀಕ್ಷೆ ನಡೆಯಿತು. ಮರುದಿನ ಧ್ವನಿಕೋಣೆಯ ಬಾಗಿಲು ದಢಾರನೆ ತೆರೆದುಕೊಂಡಿತು. ಬಿಳಿ ಕೋಲು ಮೇಜಿಗೆ ಬಡಿಯಿತು.

"ಮೇಷ್ಟ್ರು ಕೈಗೆ ಪ್ಲಾಸ್ಟಿಕ್ಕಿನ ಶ್ವಾಸಕೋಶ ಕೊಟ್ರು ಮೇಡಂ. ಮುಟ್ಟಿ ನೋಡಿ, ಮೂರು ಹಾಲೆ ಇದೆ, ಇದು ಎಡಗಡೇದು ಅಂದೆ. ಗಟ್ಟಿಯಾಗೇ ಅಂದೆ, ನೀವು ಹೇಳಿದ್ರಲ್ಲ! ಇಡೀ ತರಗತಿ ನಕ್ತು. ಮೂರು ಇರೋದು ಬಲಗಡೆಗಂತೆ. ಪಿತ್ತಕೋಶ, ಜಠರ ಎಲ್ಲಾನೂ ಅದಲು ಬದಲು ಹೇಳಿದ್ದೀನಿ. ನಿಮ್ಮನ್ನ ನಂಬಿ ನನ್ನ ಮೈಯನ್ನೇ ನಾನು ತಪ್ಪು ಕಲ್ತೆ."

"ಇಲ್ಲಮ್ಮ, ಪುಸ್ತಕದಲ್ಲಿ ಹಾಗೇ ಇದೆ, ನೋಡು..." ಎಂದು ಮುದ್ರೆಯಮ್ಮ ಪುಟ ತೆರೆದಳು. ಮೂರು ಹಾಲೆ ಎಡಗಡೆಗೇ ಇತ್ತು. ಪುಟದ ಎಡಗಡೆಗೆ. ನಡುವೆ ಹೃದಯವಿತ್ತು. ಅದರ ತುದಿ ವಾಲಿದ್ದು ಬಲಕ್ಕೆ.

ಅವಳು ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡಳು. ಬಡಿತ ಎಡಕ್ಕೇ ಇತ್ತು, ಜೋರಾಗಿಯೇ ಇತ್ತು.

ಚಿತ್ರದ ಮನುಷ್ಯ ತನಗೆ ಎದುರಾಗಿ ನಿಂತಿದ್ದಾನೆ. ಅವನ ಬಲ ತನ್ನ ಎಡ. ಗಂಡ ಬೆನ್ನು ಮಾಡಿ ಕೂತಿದ್ದಷ್ಟು ದಿನ ಅವನ ಬಲ ತನ್ನ ಬಲವೇ ಆಗಿತ್ತು. ಎಡವುವ ಪ್ರಶ್ನೆಯೇ ಇರಲಿಲ್ಲ. ಇದೇನು ಅವಳಿಗೆ ಗೊತ್ತಿರದ ಸಂಗತಿಯೇ? ರಂಗದ ಮೇಲೆ ಎಡವೆಂದರೆ ನಟನ ಎಡ, ನೋಡುವವರದ್ದಲ್ಲ. ಪ್ರತಿ ವರ್ಷ ಹೊಸಬರಿಗೆ ಅದನ್ನು ಪರದೆಯ ಹಿಂದಿನಿಂದ ಪಿಸುಗುಟ್ಟುತ್ತಿದ್ದವಳು ಅವಳೇ. ಮೈಕು ಸಿಕ್ಕ ಕೂಡಲೇ ಪ್ರೇಕ್ಷಕಳಾಗಿ ಕೂತುಬಿಟ್ಟಿದ್ದಳು.

"ತಪ್ಪು ನನ್ನದೇ," ಅಂದಳು. "ನಾನು ನಿನ್ನ ಎದುರಿಗೆ ನಿಂತು ಹೇಳಿಬಿಟ್ಟೆ."

"ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಅಂತಾರೆ," ಹುಡುಗಿ ಕೋಲು ಹುಡುಕಿಕೊಂಡು ಎದ್ದಳು. "ನಿಮ್ಮ ವಿಷಯದಲ್ಲಿ ಅದೂ ಸುಳ್ಳಾಯ್ತು."

ಹುಡುಗಿ ಹೋದಮೇಲೆ ಮುದ್ರೆಯಮ್ಮ ಬಾಗಿಲು ಹಾಕಿಕೊಂಡಳು. ಆ ಕೋಣೆಯಲ್ಲಿ ಅತ್ತರೂ ಹೊರಗೆ ಕೇಳುವುದಿಲ್ಲ ಎಂಬುದೊಂದೇ ಅನುಕೂಲ. ಸುದ್ದಿ ಗ್ರಂಥಪಾಲರಿಗೆ ಮುಟ್ಟಿತು. ಅವರೇ ಮೆಟ್ಟಿಲಿಳಿದು ಬಂದರು, ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. "ಯಂತ್ರಕ್ಕೆ ಗೊತ್ತಿಲ್ಲದ್ದನ್ನ ಅದು ಹೇಳಲ್ಲ ನೋಡಿ. ನಮ್ಮ ತೊಂದರೆ ಏನಂದ್ರೆ, ನಾವು ಹೇಳ್ಬಿಡ್ತೀವಿ," ಅಂದರು. ಸೋಮವಾರ ಕೌಂಟರಿಗೆ ಬನ್ನಿ ಅಂದರು.

"ದೊಡ್ಡ ಪರೀಕ್ಷೆ ಇನ್ನೂ ಇದೆಯಲ್ಲ ಸಾರ್. ಅವಧಿ ಮುಗಿಯೋ ತನಕ ಅಂದಿದ್ರಿ."

"ಆ ಹುಡುಗಿ ಇನ್ನು ಕೇಳ್ತಾಳಾ ನಿಮ್ಮ ಮಾತು?"

"ಕೇಳ್ದೆ ಇರಬಹುದು. ನಾನು ಸರಿಮಾಡದೆ ಇರೋ ಹಾಗಿಲ್ಲ. ತಪ್ಪು ಪಾಠ ಅವಳ ಮೈಮೇಲಿದೆ ಸಾರ್, ನಾನು ಕೌಂಟರಿನಲ್ಲಿ ಹ್ಯಾಗೆ ಕೂತ್ಕೊಳ್ಳಲಿ?"

ಗ್ರಂಥಪಾಲರು ಅವಳನ್ನೇ ನೋಡಿದರು. ಆ ಗಟ್ಟಿ ದನಿ ಅವರಿಗೆ ಹಳೆಯ ಪರಿಚಯ. ಪುಸ್ತಕ ತಡಮಾಡಿದ ಪ್ರಾಧ್ಯಾಪಕರನ್ನೂ ಬಿಡದ ದನಿ ಅದು. ಅವಧಿ ಮುಗಿಯುವ ತನಕ ಎಂದು ಒಪ್ಪಿದರು.

ಮನೆಯಲ್ಲಿ ಗಂಡನಿಗೆ ಹೇಳಿಕೊಂಡು ಅತ್ತಳು. ಅವನು ಸೂಜಿಗೆ ದಾರ ಪೋಣಿಸುತ್ತ ಕೇಳಿಸಿಕೊಂಡ. "ಎದುರಿಗೆ ನಿಂತವರ ಬಲತೋಳು ನನ್ನ ಎಡಗೈಗೇ ಸಿಗೋದು ಕಣೇ. ಕಲಿಯೋವಾಗ ಎರಡೂ ತೋಳು ಅದಲುಬದಲು ಹೊಲಿದಿದ್ದೆ. ಮೇಷ್ಟ್ರು ಬೈಲಿಲ್ಲ. ಬಿಚ್ಚಿ ಹೊಲಿ ಅಂದ್ರು, ಅಷ್ಟೇ."

"ನೀನು ಯಾಕೆ ಅಳ್ತಿದ್ದೀ?" ಅತ್ತೆ ಮಂಚದಿಂದ ಕೂಗಿದರು. "ನನ್ನ ಮಂಡಿಗಾ?"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಮೂಗು ಒರೆಸಿಕೊಂಡು ಪುಸ್ತಕ ತೆಗೆದಳು.

ಎದೆ ಹೊಟ್ಟೆಯ ಚಿತ್ರಗಳಷ್ಟನ್ನೂ ಅಳಿಸಿಹಾಕಿ ಮೊದಲಿನಿಂದ ಶುರುಮಾಡಿದಳು. ಈ ಸಲ ಪುಸ್ತಕವನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಚಿತ್ರವನ್ನು ಕಣ್ಣುತುಂಬ ನೋಡಿ, ಆಮೇಲೆ ಅದಕ್ಕೆ ಬೆನ್ನು ತಿರುಗಿಸಿ, ತಾನೇ ಚಿತ್ರವಾಗಿ ನಿಲ್ಲುತ್ತಿದ್ದಳು. ಕಣ್ಣು ಮುಚ್ಚಿ, ತನ್ನ ಕೈಯನ್ನು ತನ್ನ ಮೈಮೇಲಿಟ್ಟು, ಕೈಗೆ ಸಿಕ್ಕಿದ್ದನ್ನು ಹೇಳುತ್ತಿದ್ದಳು. "ಬಲಗೈಯ ಅಂಗೈಯನ್ನು ಬಲ ಪಕ್ಕೆಲುಬಿನ ಕೊನೆಯಲ್ಲಿ ಇಡಿ. ಒಳಗೆ ಯಕೃತ್ತಿದೆ." ಸಂಜೆ ಗಂಡನ ಮೇಲೆ ಒಂದು ಸಲ, ಬೆಳಿಗ್ಗೆ ಮತ್ತೆ ತನ್ನ ಮೇಲೆ ಒಂದು ಸಲ. ಆ ವರ್ಷದ ನಾಟಕದ ತಾಲೀಮಿಗೆ ಮಾತ್ರ ಆಮೇಲೆ ಹೋಗಲಾಗಲಿಲ್ಲ. ಗುಮಾಸ್ತ ಗಾಬರಿಯಾಗಿ ಹುಡುಕಿಕೊಂಡು ಬಂದ. "ಮೇಡಂ, ಬೇಕಾದ್ರೆ ರಾಣಿ ಪಾತ್ರಾನೇ ಕೊಡ್ತೀನಿ, ಬನ್ನಿ!" ಅಂದ. ಇಷ್ಟು ವರ್ಷ ಕಾದ ಮಾತು ಅದು. "ಮುಂದಿನ ವರ್ಷಕ್ಕೆ ಇಟ್ಟಿರಿ, ಇದೇ ಮಾತು ಆಗ ಮರೀಬೇಡಿ. ಮರೆತ್ರೆ ನಾನೇ ಎತ್ತಿಕೊಡ್ತೀನಿ," ಎಂದು ಮುದ್ರೆಯಮ್ಮ ಬಾಗಿಲು ಹಾಕಿಕೊಂಡಳು.

ಧ್ವನಿಮುದ್ರಣ ಮುಗಿಯಿತು. ಹುಡುಗಿಗೆ ಹೇಳಿ ಕಳಿಸಿದಳು, ಬರಲಿಲ್ಲ. ಮತ್ತೆ ಕಳಿಸಿದಳು, ಬರಲಿಲ್ಲ. ಮೂರನೆಯ ಸಲ ತಾನೇ ವಿದ್ಯಾರ್ಥಿನಿಲಯಕ್ಕೆ ಹೋದಳು. ಹುಡುಗಿ ಬಟ್ಟೆ ಮಡಚುತ್ತಿದ್ದಳು. ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿದಳು.

"ಇನ್ನೊಂದ್ಸಲ ನಂಬಿ ನಗೆಪಾಟಲಾಗೋದಕ್ಕೆ ನಂಗೆ ಆಗಲ್ಲ ಮೇಡಂ."

"ನಂಬಬೇಡ. ಯಾರು ನಂಬು ಅಂದ್ರು? ಬಂದು ಪರೀಕ್ಷೆ ಮಾಡ್ಕೋ. ನನ್ನ ಮಾತಲ್ಲಿ ಒಂದೇ ಒಂದು ಎಡ ಬಲ ತಪ್ಪಿದ್ರೂ ನಾಳೆಯಿಂದ ಕೌಂಟರಿನಲ್ಲಿರ್ತೀನಿ."

"ಪರೀಕ್ಷೆ ಮಾಡೋದು ಯಾವುದರ ಮೇಲೆ?"

"ನನ್ನ ಮೇಲೆ."

ಹುಡುಗಿ ಬಟ್ಟೆ ಮಡಚುವುದನ್ನು ನಿಲ್ಲಿಸಿದಳು.

ಧ್ವನಿಕೋಣೆಯಲ್ಲಿ ಮುದ್ರೆಯಮ್ಮ ಕಣ್ಣು ಮುಚ್ಚಿ ನಿಂತಳು. ಹುಡುಗಿ ಅವಳ ಹಿಂದೆ ನಿಂತು ಎರಡೂ ಕೈಯನ್ನು ಅವಳ ಪಕ್ಕೆಗಳ ಮೇಲಿಟ್ಟಳು. ಮುದ್ರೆಯಮ್ಮ ಒಂದೊಂದೇ ಚಿತ್ರ ಹೇಳುತ್ತ ಹೋದಳು. ದನಿಯಲ್ಲಿ ರಾಜನಿಲ್ಲ, ತಾಯಿಯಿಲ್ಲ, ಒಗ್ಗರಣೆಯೇ ಇಲ್ಲದ ಬರಿಯ ಮಾತು. ಹುಡುಗಿ ಪ್ರತಿ ಮಾತಿಗೂ ಮೊದಲು ಅವಳ ಮೈಯಲ್ಲಿ ಹುಡುಕಿ, ಆಮೇಲೆ ತನ್ನ ಮೈಯಲ್ಲಿ ಹುಡುಕಿದಳು. ಹಿಂದೆ ನಿಂತಿದ್ದರಿಂದ ಇಬ್ಬರ ಬಲವೂ ಒಂದೇ ಕಡೆಗಿತ್ತು. ಮೊದಮೊದಲು ತಪ್ಪು ಹಿಡಿಯುವ ಪೊಲೀಸಿನವರ ಹಾಗಿದ್ದ ಬೆರಳುಗಳು ಬರಬರುತ್ತ ಮೆತ್ತಗಾದವು.

"ಉಸಿರು ಎಳೀರಿ ಮೇಡಂ... ಬಲಗಡೆ ಮೂರು, ಎಡಗಡೆ ಎರಡು. ಎಡಗಡೆ ಯಾಕೆ ಎರಡೇ?"

"ಹೃದಯಕ್ಕೆ ಜಾಗ ಬಿಟ್ಟುಕೊಟ್ಟಿದೆ. ಇಲ್ಲಿ, ಕೈ ತಾ." ಬಡಿತ ಹುಡುಗಿಯ ಅಂಗೈಗೆ ಸಿಕ್ಕಿತು.

"ಇದು ನೀವು ಮೊದಲೇ ಹೇಳಿದ್ರೆ ನಾನು ಯಾವತ್ತೂ ಮರೀತಿರ್ಲಿಲ್ಲ," ಅಂದಳು ಹುಡುಗಿ, ಬೈಯುವ ದನಿಯಲ್ಲೇ. ಅಲ್ಲಿಂದಾಚೆ ಪರೀಕ್ಷೆಯ ದಿನದವರೆಗೂ ಅವಳು ಒಂದು ದಿನವೂ ತಪ್ಪಿಸಲಿಲ್ಲ.

ಪರೀಕ್ಷೆ ಆಯಿತು. ಫಲಿತಾಂಶ ಬಂದ ದಿನ ಗ್ರಂಥಪಾಲರು ಇಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು. ಯಂತ್ರ ಮೇಜಿನ ಮೇಲೆ ಬಟ್ಟೆ ಹೊದ್ದು ಕೂತಿತ್ತು. ಹುಡುಗಿ ಪಾಸಾಗಿದ್ದಳು. ಬರಿಯ ಪಾಸಲ್ಲ, ಮೇಷ್ಟರು ಕೈಗೆ ಕೊಟ್ಟಿದ್ದನ್ನೆಲ್ಲ ಹೆಸರು ಹಿಡಿದು, ಕಡೆ ಹಿಡಿದು ಹೇಳಿದ್ದಳು. ಆದರೂ ಗ್ರಂಥಪಾಲರು ಯಂತ್ರವೆಂಬ ತಮ್ಮ ಮೊಮ್ಮಗನನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುವವರಲ್ಲ.

"ಒಂದು ಮಾತು ನೇರವಾಗಿ ಹೇಳಮ್ಮ. ಯಂತ್ರ ಸಾಕಾ, ಇವ್ರು ಬೇಕಾ? ಇವ್ರ ದನಿ ಅಷ್ಟು ಚೆನ್ನಾಗಿದೆ ಅಂತಾನಾ?"

ಹುಡುಗಿಗೆ ಮುಲಾಜಿಲ್ಲವೆಂದು ಮುದ್ರೆಯಮ್ಮನಿಗೆ ಗೊತ್ತಿತ್ತು.

"ದನಿ ಯಂತ್ರದ್ದೇ ಚೆನ್ನಾಗಿದೆ ಸಾರ್," ಅಂದಳು ಹುಡುಗಿ. "ಪಾಠದ ಪುಸ್ತಕ ನಾನು ಅದರಲ್ಲೇ ಕೇಳೋದು, ಮುಂದೂ ಅದರಲ್ಲೇ ಕೇಳ್ತೀನಿ. ಇವ್ರ ದನಿ ನಂಗೆ ಬೇಡ. ಇವ್ರ ಕಣ್ಣು ಬೇಕು. ಯಾಕಂದ್ರೆ, ಅದು ಒಂದ್ಸಲ ತಪ್ಪು ಮಾಡಿ ನಾಚಿಕೊಂಡಿದೆ ಸಾರ್. ಇನ್ನು ಆ ತಪ್ಪು ಅದು ಮಾಡಲ್ಲ."

ಮುದ್ರೆಯಮ್ಮನಿಗೆ ನೋವಾಯಿತು. ಸುಳ್ಳೇಕೆ, ತುಂಬಾ ನೋವಾಯಿತು. ಬದುಕಿಡೀ ಜೋಪಾನ ಮಾಡಿದ ದನಿಯನ್ನು ಹುಡುಗಿ ಬೇಡ ಅಂದಿದ್ದಳು. ಆದರೆ ಆ ನೋವಿನ ಪಕ್ಕದಲ್ಲೇ, ಯಾವ ಚಪ್ಪಾಳೆಯಿಂದಲೂ ಬಾರದಂಥ ಸಂತೋಷವೊಂದು ಎದ್ದು ನಿಂತಿತ್ತು. ಎರಡನ್ನೂ ಬಿಡಿಸಿ ನೋಡಲು ಅವಳಿಗೆ ಆಗಲೂ ಇಲ್ಲ, ಬೇಕಾಗಲೂ ಇಲ್ಲ. ಗ್ರಂಥಪಾಲರು ಕೋಣೆಯ ಬೀಗದ ಕೈಯನ್ನು ಮೇಜಿನ ಮೇಲಿಂದ ಅವಳ ಕಡೆಗೆ ತಳ್ಳಿದರು.

ಇಬ್ಬರೂ ನೆಲಮಾಳಿಗೆಗೆ ಇಳಿದರು. ಹುಡುಗಿ ಚೀಲದಿಂದ ಇನ್ನೊಂದು ಪುಸ್ತಕ ತೆಗೆದಿಟ್ಟಳು, ಮೊದಲನೆಯದಕ್ಕಿಂತ ದಪ್ಪ. ನರಗಳ ಪುಸ್ತಕ. ಮುಂದಿನ ವರ್ಷದ್ದು.

"ಇದು ಕಷ್ಟ ಅಂತೆ ಮೇಡಂ. ಹುಡುಗರೆಲ್ಲ ಹೆದರ್ತಾರೆ."

ಮುದ್ರೆಯಮ್ಮ ಮೊದಲ ಪುಟ ತೆರೆದಳು. ತಲೆಯಿಂದ ಬೆರಳ ತುದಿಯವರೆಗೂ ಹಳದಿ ದಾರಗಳು ಹರಡಿಕೊಂಡ ಮನುಷ್ಯನೊಬ್ಬ ಅವಳಿಗೆ ಎದುರಾಗಿ ನಿಂತಿದ್ದ. ಅವಳು ಅವನನ್ನು ಸಾವಕಾಶವಾಗಿ ನೋಡಿದಳು. ಪುಸ್ತಕವನ್ನು ಗೋಡೆಗೆ ಆನಿಸಿ, ಅವನಿಗೆ ಬೆನ್ನು ತಿರುಗಿಸಿ ನಿಂತಳು.

"ಕೂತ್ಕೋ," ಅಂದಳು. "ಚಿತ್ರ ಒಂದು. ಬಲಗೈ ಮುಂದೆ ಚಾಚು." ಹುಡುಗಿ ಅವಳ ಬಲಗೈಗಾಗಿ ತಡಕಿದಳು. "ನನ್ನದಲ್ಲಮ್ಮ, ನಿನ್ನದು."